ಇಪ್ಪತ್ತೊಂದು ತಿಂಗಳುಗಳ ಮಣೆ

ಕಳೆದ ಮಳೆಗಾಲದ ಭಾನುವಾರಗಳಂದು ನಾವು ಏಳೆಂಟು ಮಂದಿ ಮಾಟುಂಗದ ಮನೆಯೊಂದರಲ್ಲಿ ಸೇರಿ ಒಂದು ಆಟವನ್ನು ಕಟ್ಟಲು ಹೊರಟೆವು. 1975ರ ಜೂನ್ 25ರ ರಾತ್ರಿ ಆರಂಭವಾಗಿ 1977ರ ಮಾರ್ಚ್ 21ರಂದು ಮುಗಿದ ತುರ್ತು ಪರಿಸ್ಥಿತಿಯೇ ಅದರ ವಸ್ತು. ಇದಕ್ಕೆಲ್ಲ ಕಾರಣವಾದದ್ದು ಒಂದು ಪ್ರಶ್ನೆ. ಬಳಗದ ತಿಂಗಳ ಸಭೆಯಲ್ಲಿ ಆ ಕಾಲದ ಮಾತು ಬಂದಾಗ ಸದಸ್ಯರೊಬ್ಬರ ಮಗಳು, ಕಾಲೇಜಿನಲ್ಲಿ ಓದುತ್ತಿರುವವಳು, ಕೇಳಿದಳು: “ಎಲ್ಲವೂ ಕೈಯಲ್ಲೇ ಇತ್ತಲ್ಲ, ಮತ್ತೆ ಚುನಾವಣೆ ಕರೆದದ್ದಾದರೂ ಏಕೆ?” ಸಭೆಯಲ್ಲಿದ್ದ ಹಿರಿಯರು ಐವರು ಐದು ಉತ್ತರ ಕೊಟ್ಟರು. ಒಂದು ಇನ್ನೊಂದಕ್ಕೆ ಹೊಂದಲಿಲ್ಲ. “ಹಾಗಾದರೆ ಆಡಿಯೇ ನೋಡೋಣ” ಎಂದಳು ಆಕೆ.

ಎಲ್ಲರೂ ಒಪ್ಪಲಿಲ್ಲ. ಮುಂಬಯಿಯ ಕನ್ನಡ ಶಾಲೆಯೊಂದರಲ್ಲಿ ಬಹುಕಾಲ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರೊಬ್ಬರು ನಮ್ಮ ಬಳಗದಲ್ಲಿದ್ದಾರೆ. “ಜನ ಜೈಲಿಗೆ ಹೋದದ್ದನ್ನು ದಾಳ ಉರುಳಿಸಿ ಆಡುತ್ತೀರಾ?” ಎಂದು ಅವರು ಎದ್ದು ಹೋದರು. ಮರುವಾರ ಬಂದರು, ಆಡಲಿಕ್ಕಲ್ಲ, ತಪ್ಪು ಹಿಡಿಯಲಿಕ್ಕೆ ಎಂದು ಹೇಳಿಯೇ ಬಂದರು. ಅವರು ಬಂದದ್ದು ನಮ್ಮ ಪುಣ್ಯ.

ಆಟದ ಮೂಲಕ ವಾದ ಹೂಡುವುದು ಹೊಸತೇನಲ್ಲ. ವೈಕುಂಠ ಏಕಾದಶಿಯ ರಾತ್ರಿ ಮನೆಗಳಲ್ಲಿ ಹಾಸುತ್ತಿದ್ದ ಪರಮಪದ ಸೋಪಾನಪಟದಲ್ಲಿ ಏಣಿಯೆಂದರೆ ಪುಣ್ಯ, ಹಾವೆಂದರೆ ಪಾಪ. ಕರ್ಮಸಿದ್ಧಾಂತವನ್ನು ಕವಡೆ ಹಿಡಿಯಬಲ್ಲ ಮಗುವಿಗೂ ಅದು ಕಲಿಸುತ್ತಿತ್ತು. ಮಕ್ಕಳಿಗೆ ನಾವು ಕೊಡಿಸುವ ‘ಬಿಸಿನೆಸ್’ ಆಟದ ಮೂಲವಾದರೂ ಅಮೆರಿಕದ ಲಿಜ್ಜಿ ಮ್ಯಾಗಿ ಎಂಬ ಮಹಿಳೆ 1904ರಲ್ಲಿ ಪೇಟೆಂಟ್ ಪಡೆದ ಭೂಮಾಲಿಕರ ಆಟ. ಭೂಮಿ ಕೆಲವರ ಕೈಯಲ್ಲಿ ಕೂಡಿದರೆ ಉಳಿದವರು ಹೇಗೆ ಬರಿಗೈಯಾಗುತ್ತಾರೆಂದು ತೋರಿಸಲು ಆಕೆ ಅದನ್ನು ಮಾಡಿದಳು. ಲೋಕ ಅದರಿಂದ ಬಾಡಿಗೆ ವಸೂಲಿಯ ಸುಖವನ್ನಷ್ಟೇ ಕಲಿಯಿತು. ನಮ್ಮ ಕಾಲಕ್ಕೆ ಹತ್ತಿರದ ಇತಿಹಾಸವೂ ಮಣೆಗೆ ಬಂದಿದೆ. 2011ರಲ್ಲಿ ಪೋಲೆಂಡಿನ ರಾಷ್ಟ್ರೀಯ ಸ್ಮೃತಿ ಸಂಸ್ಥೆಯೇ ‘ಕೊಲೆಯ್ಕಾ’ ಎಂಬ ಆಟವನ್ನು ಹೊರತಂದಿತು. ಕಮ್ಯುನಿಸ್ಟ್ ಆಡಳಿತದ ದಿನಗಳಲ್ಲಿ ಖಾಲಿ ಅಂಗಡಿಗಳ ಮುಂದೆ ಸರತಿಯಲ್ಲಿ ನಿಲ್ಲುವುದೇ ಆ ಆಟ. 2005ರ ‘ಟ್ವಿಲೈಟ್ ಸ್ಟ್ರಗಲ್’ನಲ್ಲಿ ಇಬ್ಬರು ಕುಳಿತು ಅಮೆರಿಕ-ಸೋವಿಯತ್ ಶೀತಲ ಸಮರವನ್ನು ಆಡಬಹುದು. ಎದುರಾಳಿಗೆ ಅನುಕೂಲವಾದ ಘಟನೆಯ ಎಲೆ ನಮ್ಮ ಕೈಗೆ ಬಂದರೂ ಒಂದಲ್ಲ ಒಂದು ಸರದಿಯಲ್ಲಿ ಅದನ್ನು ನಾವೇ ಇಳಿಸಬೇಕಾಗುತ್ತದೆ. ಆ ಕಾಲದ ಭಯವನ್ನು ಇದಕ್ಕಿಂತ ಚಿಕ್ಕದಾಗಿ ಹೇಳಿದ ಪುಸ್ತಕವನ್ನು ನಾವು ಓದಿಲ್ಲ.

ನಮಗೆ ಮಣೆ ಸಿಕ್ಕಿದ್ದು ಊರಿನಿಂದಲೇ. ದೇವಾಲಯದ ಜಗಲಿಗಳ ಮೇಲೆ ಕೊರೆದಿರುತ್ತಿದ್ದ ಹುಲಿ-ಕುರಿ ಆಟವನ್ನು ನಮ್ಮಲ್ಲಿ ಹೆಚ್ಚಿನವರು ಬಾಲ್ಯದಲ್ಲಿ ಆಡಿದ್ದೆವು. ಮೂರು ಹುಲಿ, ಹದಿನೈದು ಕುರಿ. ಹುಲಿ ಕುರಿಯನ್ನು ಹಾರಿ ಕಬಳಿಸುತ್ತದೆ. ಕುರಿಗಳು ಒಂದಕ್ಕೊಂದು ಒತ್ತಿ ನಿಂತು ಹುಲಿಗೆ ಕದಲಲಾಗದಂತೆ ಮಾಡಿದರೆ ಗೆಲ್ಲುತ್ತವೆ. ಎರಡು ಕಡೆಯವರ ಬಲವೂ ಬೇರೆ, ಗುರಿಯೂ ಬೇರೆ. ಚದುರಂಗದಲ್ಲಿ ಇಲ್ಲದ ಈ ಅಸಮಾನತೆಯೇ ನಮಗೆ ಬೇಕಾಗಿತ್ತು. ಒಂದು ತಿದ್ದುಪಡಿಯನ್ನು ಮಾತ್ರ ಮೊದಲ ದಿನವೇ ಮಾಡಿಕೊಂಡೆವು. ಊರಿನ ಆಟದಲ್ಲಿ ಸತ್ತ ಕುರಿ ಮಣೆಯಿಂದ ಹೊರಗೆ ಹೋಗುತ್ತದೆ. 1975ರಲ್ಲಿ ಹಿಡಿಯಲ್ಪಟ್ಟವರು ಹೊರಗೆ ಹೋಗಲಿಲ್ಲ, ಒಳಗೆ ಹೋದರು. ಸಂಸತ್ತಿನ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿಯವರನ್ನೂ ಸಮಾಜವಾದಿ ಮಧು ದಂಡವತೆಯವರನ್ನೂ ಸಂಸ್ಥಾ ಕಾಂಗ್ರೆಸ್ಸಿನ ಶ್ಯಾಮನಂದನ ಮಿಶ್ರರನ್ನೂ ಜೂನ್ 26ರಂದು ಬಂಧಿಸಿ ಒಂದೇ ಸೆರೆಮನೆಯಲ್ಲಿ ಇಟ್ಟರು. ಹೊರಗೆ ಒಂದೇ ವೇದಿಕೆಯಲ್ಲಿ ಹೆಚ್ಚು ಹೊತ್ತು ಕೂರಲಾರದವರು ಒಂದೇ ಬ್ಯಾರಕಿನಲ್ಲಿ ತಿಂಗಳುಗಟ್ಟಲೆ ಕೂರಬೇಕಾಯಿತು. ಆದುದರಿಂದ ನಮ್ಮ ಮಣೆಯ ಮೂಲೆಯಲ್ಲಿ ಒಂದು ಜೈಲುಮನೆ ಇದೆ. ಅಲ್ಲಿ ಒಟ್ಟಿಗೆ ಮೂರು ಸರದಿ ಕಳೆದ ಕುರಿಗಳು ಬಿಡುಗಡೆಯಾದಾಗ ಒಂದೇ ಕಾಯಿಯಾಗಿ ಹೊರಬರುತ್ತವೆ, ಅದನ್ನು ಹುಲಿ ಹಾರಲಾಗದು.

ಆಟವನ್ನು ಎಲ್ಲಿಂದ ಆರಂಭಿಸಬೇಕು ಎಂಬುದಕ್ಕೇ ಎರಡು ಭಾನುವಾರ ಹಿಡಿಯಿತು. ಇಂದಿರಾ ಗಾಂಧಿಯವರ ಆಯ್ಕೆಯನ್ನು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ಅಸಿಂಧುಗೊಳಿಸಿದ 1975ರ ಜೂನ್ 12ರಿಂದ ಎಂದರೆ, ಇದೆಲ್ಲ ಒಬ್ಬ ವ್ಯಕ್ತಿಯ ಕುರ್ಚಿಯ ಕಥೆಯಾಗುತ್ತದೆ. 1973ರ ಏಪ್ರಿಲಿನಿಂದ ಎಂದರೆ, ಕಾರ್ಕಳದ ಕಡೆಯ ಕೆ. ಎಸ್. ಹೆಗ್ಡೆಯವರೂ ಸೇರಿ ಮೂವರು ಹಿರಿಯ ನ್ಯಾಯಮೂರ್ತಿಗಳನ್ನು ದಾಟಿಸಿ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿಸಿದ ದಿನದಿಂದ, ಅದು ಸಂಸ್ಥೆಗಳ ಸವಕಳಿಯ ಕಥೆಯಾಗುತ್ತದೆ. ಮುಂಬಯಿಯ ಹೋಟೆಲಿನಲ್ಲಿ ದುಡಿದವರೊಬ್ಬರ ಮಗ ನಮ್ಮಲ್ಲಿದ್ದಾರೆ. ಅವರು 1974ರ ಮೇ 8 ಎಂದು ಹಟ ಹಿಡಿದರು. ಅಂದು ಜಾರ್ಜ್ ಫರ್ನಾಂಡಿಸ್ ಮುಂದಾಳುತನದ ರೈಲ್ವೆ ಮುಷ್ಕರ ಮೊದಲಾಯಿತು, ಮೇ 27ರಂದು ಮುರಿದುಬಿತ್ತು. ಮಂಗಳೂರಿನಲ್ಲಿ ಹುಟ್ಟಿ, ಇಲ್ಲಿನ ಟ್ಯಾಕ್ಸಿ ಚಾಲಕರನ್ನೂ ಹೋಟೆಲ್ ಕಾರ್ಮಿಕರನ್ನೂ ಸಂಘಟಿಸಿ, 1967ರಲ್ಲಿ ಎಸ್. ಕೆ. ಪಾಟೀಲರಂಥವರನ್ನು ದಕ್ಷಿಣ ಮುಂಬಯಿಯಲ್ಲಿ ಸೋಲಿಸಿದ ಜಾರ್ಜ್ ನಮ್ಮ ಹಿಂದಿನ ತಲೆಮಾರಿಗೆ ಪತ್ರಿಕೆಯ ಹೆಸರಾಗಿರಲಿಲ್ಲ, ಪರಿಚಯದವರಾಗಿದ್ದರು. “ಸರ್ಕಾರ ಕಾರ್ಮಿಕರ ಮೇಲೆ ಮೊದಲು ಕೈ ನೋಡಿಕೊಂಡಿತು, ಆಮೇಲೆ ಉಳಿದವರ ಮೇಲೆ” ಎಂಬುದು ಅವರ ವಾದ. ಕೊನೆಗೆ ಮುಷ್ಕರದಿಂದಲೇ ಆರಂಭಿಸಿದೆವು. ಇತಿಹಾಸದ ಪುಸ್ತಕದಲ್ಲಾದರೆ ಮೂರನ್ನೂ ಒಂದು ಮುನ್ನುಡಿಯಲ್ಲಿ ಸೇರಿಸಿ ಪಾರಾಗಬಹುದಿತ್ತು. ಮಣೆಯ ಮೇಲೆ ಮೊದಲ ಕಾಯಿಯನ್ನು ಎಲ್ಲಾದರೊಂದು ಕಡೆ ಇಡಲೇಬೇಕು.

ಮೊದಲ ಐದಾರು ಆಟಗಳು ನೀರಸವಾದವು. ದಿಲ್ಲಿಯ ಪಾತ್ರವನ್ನು ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಖಜಾಂಚಿಯವರು ವಹಿಸಿದರು. ದಿಲ್ಲಿಗೆ ಒಂದು ವಿಶೇಷ ಅಧಿಕಾರ ಕೊಟ್ಟಿದ್ದೆವು: ಸರದಿಗೊಂದರಂತೆ ಆಟದ ನಿಯಮವನ್ನೇ ಬದಲಿಸಬಹುದು. ಇದು ನಮ್ಮ ಕಲ್ಪನೆಯಲ್ಲ. ತುರ್ತು ಪರಿಸ್ಥಿತಿಯ ಘೋಷಣೆಯನ್ನು ನ್ಯಾಯಾಲಯ ಪ್ರಶ್ನಿಸದಂತೆ 38ನೆಯ ತಿದ್ದುಪಡಿ, ಪ್ರಧಾನಿಯ ಆಯ್ಕೆಯನ್ನು ನ್ಯಾಯಾಲಯದ ಕೈಗೆ ಸಿಗದಂತೆ 39ನೆಯದು, ಎರಡೂ 1975ರಲ್ಲೇ ಬಂದವು; 1976ರ 42ನೆಯದು ಲೋಕಸಭೆಯ ಅವಧಿಯನ್ನು ಐದರಿಂದ ಆರು ವರ್ಷಕ್ಕೆ ಏರಿಸಿತು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ನಾಲ್ಕು-ಒಂದರ ಬಹುಮತದಿಂದ, ಬಂಧಿತನಿಗೆ ನ್ಯಾಯಾಲಯದ ಬಾಗಿಲು ತಟ್ಟುವ ಹಕ್ಕೂ ಸದ್ಯಕ್ಕಿಲ್ಲ ಎಂದಿತು. ಒಪ್ಪದ ಆ ಒಬ್ಬರು ಎಚ್. ಆರ್. ಖನ್ನಾ. ಇಷ್ಟೆಲ್ಲ ಅಸ್ತ್ರಗಳು ಕೈಯಲ್ಲಿರುವಾಗ ಸೋಲುವುದು ಹೇಗೆ? ಖಜಾಂಚಿಯವರು ಕುರಿಗಳನ್ನೆಲ್ಲ ಜೈಲುಮನೆಗೆ ತುಂಬಿ, ಜೈಲಿನ ಬಾಗಿಲು ತೆಗೆಯುವ ನಿಯಮವನ್ನೇ ರದ್ದುಪಡಿಸಿ, ಚಹಾ ಬರುವುದರೊಳಗೆ ಆಟ ಮುಗಿಸುತ್ತಿದ್ದರು. ಚುನಾವಣೆಯ ಎಲೆ ಅವರ ಕೈಯಲ್ಲೇ ಇರುತ್ತಿತ್ತು. ಅದನ್ನು ಒಮ್ಮೆಯೂ ಇಳಿಸಲಿಲ್ಲ. “ನನಗೇನು ಹುಚ್ಚೇ?” ಎಂದರು.

ಇತಿಹಾಸದಲ್ಲಿ ಆ ಎಲೆ ಇಳಿಯಿತು. 1977ರ ಜನವರಿ 18ರಂದು ಇಂದಿರಾ ಗಾಂಧಿ ಚುನಾವಣೆಯನ್ನು ಘೋಷಿಸಿದರು. ನಮ್ಮ ಆಟ ತಪ್ಪೋ, ಇತಿಹಾಸ ತಪ್ಪೋ? ಖಜಾಂಚಿಯವರಿಗೆ ಇದ್ದ, ಇಂದಿರಾ ಅವರಿಗೆ ಇಲ್ಲದಿದ್ದ ಒಂದು ವಸ್ತು ಯಾವುದು ಎಂದು ಹುಡುಕುತ್ತ ಹೋದೆವು. ಹೊಳೆದದ್ದು ಮೇಷ್ಟ್ರಿಗೆ. “ಇವರಿಗೆ ಮಣೆ ಪೂರ್ತಿ ಕಾಣುತ್ತದೆ” ಎಂದರು.

ನಿಜ. ನಮ್ಮ ಮಣೆಯಲ್ಲಿ ಪ್ರತಿ ಪ್ರದೇಶಕ್ಕೂ ಜನಾಭಿಪ್ರಾಯದ ಎಲೆಗಳಿದ್ದವು, ಎಲ್ಲವೂ ಮುಖ ಮೇಲಾಗಿ. ಬಿಹಾರದ ಜನ ಮುನಿದಿದ್ದಾರೆಂದು ದಿಲ್ಲಿಗೆ ಒಂದು ನೋಟಕ್ಕೇ ತಿಳಿಯುತ್ತಿತ್ತು. ವಾಸ್ತವದಲ್ಲಿ ಜೂನ್ 25ರ ರಾತ್ರಿಯೇ ದಿಲ್ಲಿಯ ಬಹದ್ದೂರ್ ಷಾ ಜಫರ್ ಮಾರ್ಗದ ಪತ್ರಿಕಾಲಯಗಳಿಗೆ ವಿದ್ಯುತ್ತನ್ನು ಕಡಿಯಲಾಯಿತು, ಮರುದಿನದಿಂದ ಸೆನ್ಸಾರ್, 1976ರ ಫೆಬ್ರವರಿಯಲ್ಲಿ ನಾಲ್ಕು ಸುದ್ದಿಸಂಸ್ಥೆಗಳನ್ನು ಕಲಸಿ ‘ಸಮಾಚಾರ್’ ಎಂಬ ಒಂದನ್ನು ಮಾಡಲಾಯಿತು. ಜನರಿಗೆ ಸುದ್ದಿ ತಲುಪದಂತೆ ಕಟ್ಟಿದ ಗೋಡೆ ಅದು. ಅದೇ ಗೋಡೆ ದಿಲ್ಲಿಗೂ ಜನರನ್ನು ಮರೆಮಾಡುತ್ತಿತ್ತಲ್ಲವೇ?

ನಿಯಮವನ್ನು ಬದಲಿಸಿದೆವು. ದಿಲ್ಲಿ ಒಂದು ಪ್ರದೇಶದ ಮೇಲೆ ಸೆನ್ಸಾರ್ ಎಲೆಯನ್ನು ಇಳಿಸಿದೊಡನೆ ಅಲ್ಲಿನ ಜನಾಭಿಪ್ರಾಯದ ಎಲೆಗಳೆಲ್ಲ ಮಗುಚಿಕೊಳ್ಳುತ್ತವೆ. ವಿರೋಧಿಗಳಿಗೆ ಅವು ಕಾಣವು, ದಿಲ್ಲಿಗೂ ಕಾಣವು. ಮೂರನೆಯ ಆಟಗಾರರೊಬ್ಬರನ್ನು ಸೇರಿಸಿದೆವು: ರಾಜ್ಯಗಳ ಮುಖ್ಯಮಂತ್ರಿಗಳು. ಅವರಿಗೆ ಮಾತ್ರ ಎಲೆಯನ್ನು ಎತ್ತಿ ನೋಡುವ ಅವಕಾಶ. ನೋಡಿದ್ದನ್ನು ದಿಲ್ಲಿಗೆ ಬಾಯಿಮಾತಿನಲ್ಲಿ ವರದಿ ಮಾಡಬೇಕು. ಆದರೆ ಅವರ ಅಂಕಗಳೆಲ್ಲ ದಿಲ್ಲಿಯ ಪ್ರಸನ್ನತೆಯ ಮೇಲೆ ನಿಂತಿವೆ. ಸುಳ್ಳು ಹೇಳಿರೆಂದು ನಾವು ಯಾರಿಗೂ ಕಲಿಸಲಿಲ್ಲ. ಎರಡನೆಯ ಸರದಿಯೊಳಗೆ ನಮ್ಮ ಬಳಗದ ಅತ್ಯಂತ ಸಾಧು ಸ್ವಭಾವದ ಸದಸ್ಯರು, ಕೋಪದ ಕೆಂಪು ಎಲೆಯನ್ನು ಕೈಯಲ್ಲಿ ಹಿಡಿದುಕೊಂಡೇ, “ಉತ್ತರ ಪ್ರದೇಶದಲ್ಲಿ ಜನ ಬಹಳ ಸಂತೋಷದಿಂದಿದ್ದಾರೆ, ಮೇಡಂ” ಎಂದು ವರದಿ ಮಾಡಿದರು. ಅಂದು ದಿಲ್ಲಿಯ ಪಾತ್ರದಲ್ಲಿದ್ದವಳು ಪ್ರಶ್ನೆ ಕೇಳಿದ ಆ ಹುಡುಗಿಯೇ. ಹದಿನೇಳನೆಯ ಸರದಿಯಲ್ಲಿ ಅವಳು ಚುನಾವಣೆಯ ಎಲೆಯನ್ನು ತಾನಾಗಿ ಇಳಿಸಿದಳು. ಎಲೆಗಳನ್ನು ತಿರುಗಿಸಿದಾಗ ಅವಳ ಮುಖ ನೋಡಬೇಕಿತ್ತು.

ಇದನ್ನು ಇತಿಹಾಸದ ಸಾಕ್ಷ್ಯವೆಂದು ನಾವು ಹೇಳುತ್ತಿಲ್ಲ. ನಿಯಮವನ್ನು ಬರೆದವರು ನಾವೇ. ನಾವು ಹಾಕಿದ ಬೀಜವೇ ಮೊಳೆತಿರಬಹುದು. ಹೊರದೇಶಗಳ ಮುಂದೆ ತಾನು ನೆಹರೂ ಮಗಳೆಂಬ ಹೆಸರು ಉಳಿಸಿಕೊಳ್ಳುವ ಆಸೆ, ಮಗನ ಕೈಗೆ ಆಡಳಿತ ಜಾರುತ್ತಿದೆಯೆಂಬ ಅಳುಕು, ವಿರೋಧಿಗಳು ಒಗ್ಗೂಡುವ ಮೊದಲೇ ಗೆದ್ದುಬಿಡೋಣವೆಂಬ ಲೆಕ್ಕ, ಇವನ್ನೆಲ್ಲ ಬಲ್ಲವರು ಕಾರಣಗಳಾಗಿ ಮುಂದಿಟ್ಟಿದ್ದಾರೆ. ಆಟ ತೋರಿಸಿದ್ದು ಇಷ್ಟು: ಮಣೆ ಕಾಣುವವನು ಆ ಎಲೆಯನ್ನು ಇಳಿಸುವುದಿಲ್ಲ.

ವರದಿಯ ಮಾತು ಬಂದದ್ದರಿಂದ ಸಂಖ್ಯೆಗಳ ಮಾತೂ ಬರಬೇಕು, ಅಲ್ಲಿಗೆ ನಮ್ಮ ಉತ್ಸಾಹ ಒಮ್ಮೆಲೇ ಇಳಿಯಿತು. ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ವಿಚಾರಿಸಿದ ನ್ಯಾಯಮೂರ್ತಿ ಜೆ. ಸಿ. ಷಾ ಆಯೋಗದ ವರದಿಯ ಪ್ರಕಾರ 1976-77ರಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಗೆ ದೇಶಕ್ಕೆ ಗೊತ್ತುಪಡಿಸಿದ್ದ ಗುರಿ 42.55 ಲಕ್ಷ. ನಡೆದದ್ದು 81.32 ಲಕ್ಷ. ಗುರಿಯನ್ನು ದಿಲ್ಲಿ ಕೊಟ್ಟಿತು. ಗುರಿಯ ಇಮ್ಮಡಿಗೆ ಹತ್ತಿರ ಹೋದದ್ದು ಮೆಚ್ಚುಗೆಗಾಗಿ ಪೈಪೋಟಿಗಿಳಿದ ಕೆಳಗಿನವರು. ನಮ್ಮ ಮಹಾರಾಷ್ಟ್ರವೇ 1976ರಲ್ಲಿ ಸಂತಾನಹರಣವನ್ನು ಕಡ್ಡಾಯಗೊಳಿಸುವ ಮಸೂದೆಯನ್ನು ಸದನದಲ್ಲಿ ಅಂಗೀಕರಿಸಿತ್ತು. ರಾಷ್ಟ್ರಪತಿಗಳ ಅಂಕಿತ ಬೀಳದೆ ಅದು ಕಾಯಿದೆಯಾಗಲಿಲ್ಲ. ಲೆಕ್ಕಕ್ಕೆಂದು ನಾವು ಹುಣಿಸೆಬೀಜಗಳನ್ನು ತಂದಿದ್ದೆವು, ಲಕ್ಷಕ್ಕೊಂದು ಬೀಜ. ಬೀಜ ಕೂಡಿದಂತೆ ಮುಖ್ಯಮಂತ್ರಿಗಳಿಗೆ ಅಂಕ ಏರುತ್ತಿತ್ತು. ಆಡುವವರು ಸಹಜವಾಗಿಯೇ, “ಇನ್ನೆರಡು ಲಕ್ಷ ಹಾಕು, ಹಾಕು” ಎಂದು ನಗುತ್ತ ಬೀಜಗಳನ್ನು ಮುಂದಕ್ಕೆ ಸರಿಸುತ್ತಿದ್ದರು.

ಮೇಷ್ಟ್ರು ತಮ್ಮ ಮುಂದಿದ್ದ ಬೀಜಗಳನ್ನು ಮುಚ್ಚಿ ಹಿಡಿದರು. ಆಮೇಲೆ, ಯಾವ ಶಾಲೆ, ಯಾವ ಅಧಿಕಾರಿ ಎಂದು ಹೆಸರಿಸದೆ ಹೇಳಿದರು. ಅವರ ಶಾಲೆಯ ಶಿಕ್ಷಕರಿಗೂ ಇಷ್ಟಿಷ್ಟು ‘ಕೇಸು’ ತರಬೇಕೆಂಬ ಲೆಕ್ಕ ಬಂದಿತ್ತು. ತರದಿದ್ದರೆ ಸಂಬಳ ನಿಲ್ಲುತ್ತದೆಂಬ ಮಾತಿತ್ತು. ಅವರಿಗೆ ಆಗ ಮೂವತ್ತು ದಾಟಿರಲಿಲ್ಲ, ಊರಿಗೆ ಹಣ ಕಳಿಸಬೇಕಿತ್ತು. ಶಾಲೆಯ ಹಿಂದಿನ ಚಾಳಿನಲ್ಲಿದ್ದ, ಕಲಬುರ್ಗಿಯ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದಿದ್ದ ಒಬ್ಬನನ್ನು ಅವರೇ ಮಾತನಾಡಿಸಿ ಕರೆದುಕೊಂಡು ಹೋದರು. ಕನ್ನಡದಲ್ಲಿ ಮಾತಾಡಿದ್ದರಿಂದ ಆತ ನಂಬಿ ಬಂದ. “ಅವನಿಗೆ ಒಂದೇ ಮಗು ಇತ್ತು. ಅರ್ಜಿಯಲ್ಲಿ ಮೂರು ಎಂದು ನಾನೇ ಬರೆದೆ” ಎಂದರು ಮೇಷ್ಟ್ರು. ಯಾರೂ ಏನೂ ಹೇಳಲಿಲ್ಲ. ಆ ಭಾನುವಾರ ಆಟ ಅಲ್ಲಿಗೇ ನಿಂತಿತು.

ಮುಂದಿನ ವಾರ ಬೀಜಗಳಿಗೆ ಅಂಕ ಕೊಡುವ ನಿಯಮವನ್ನು ತೆಗೆಯಬೇಕೇ ಬೇಡವೇ ಎಂಬ ಚರ್ಚೆ ನಡೆಯಿತು. ತೆಗೆಯಬಾರದೆಂದು ಹೇಳಿದವರು ಮೇಷ್ಟ್ರೇ. ಅಂದು ಅಂಕ ಇತ್ತು, ಅಂಕಕ್ಕಾಗಿಯೇ ನಡೆಯಿತು, ಆಟದಲ್ಲಿ ಅದನ್ನು ತೆಗೆದರೆ ಯಾರೋ ರಾಕ್ಷಸರು ಮಾಡಿದರೆಂದಾಗುತ್ತದೆ ಎಂದರು. ನಿಯಮ ಉಳಿಯಿತು. ಅವರು ಒಂದನ್ನು ಮಾತ್ರ ಸೇರಿಸಿದರು. ಅದನ್ನು ಕೊನೆಗೆ ಹೇಳುತ್ತೇವೆ.

ಇನ್ನುಳಿದದ್ದು ಕರ್ನಾಟಕದ ಮೂಲೆ. ನಾವೆಲ್ಲ ಅಲ್ಲಿಯವರಾದುದರಿಂದ ಆಟದಲ್ಲಿ ಅದು ಹೇಗೂ ದೊಡ್ಡದಾಯಿತು, ಜಗಳವೂ ದೊಡ್ಡದಾಯಿತು. 1977ರ ಮಾರ್ಚಿನಲ್ಲಿ ಉತ್ತರ ಪ್ರದೇಶದ 85 ಸ್ಥಾನಗಳಲ್ಲಿ, ಬಿಹಾರದ 54ರಲ್ಲಿ ಕಾಂಗ್ರೆಸ್ಸಿಗೆ ಒಂದೂ ದಕ್ಕಲಿಲ್ಲ. ಆಂಧ್ರದ 42ರಲ್ಲಿ 41, ಕರ್ನಾಟಕದ 28ರಲ್ಲಿ 26 ಅದಕ್ಕೇ ಬಂದವು. ಜನತಾ ಪಕ್ಷಕ್ಕೆ ಕರ್ನಾಟಕ ಕೊಟ್ಟ ಎರಡರಲ್ಲಿ ಒಂದು ಬೆಂಗಳೂರು ದಕ್ಷಿಣ. ಗೆದ್ದವರು ಅದೇ ಕೆ. ಎಸ್. ಹೆಗ್ಡೆ. ಆಮೇಲೆ ಅವರು ಲೋಕಸಭೆಯ ಸಭಾಧ್ಯಕ್ಷರೂ ಆದರು. ಹಾಗಾದರೆ ದಕ್ಷಿಣದಲ್ಲಿ ತುರ್ತು ಪರಿಸ್ಥಿತಿಯೇ ಇರಲಿಲ್ಲವೇ? ಇತ್ತು. ‘ಸಂಸ್ಕಾರ’ ಚಿತ್ರದ ಚಂದ್ರಿ, ಸ್ನೇಹಲತಾ ರೆಡ್ಡಿ, ಅಸ್ತಮಾದಿಂದ ನರಳುತ್ತಲೇ ಬೆಂಗಳೂರಿನ ಸೆರೆಮನೆಯಲ್ಲಿ ತಿಂಗಳುಗಳನ್ನು ಕಳೆದು, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಜಾರ್ಜ್ ಅವರ ತಮ್ಮ ಲಾರೆನ್ಸ್ ಅವರನ್ನು ಪೊಲೀಸರು ಹಿಂಸಿಸಿದ್ದೂ ಬೆಂಗಳೂರಿನಲ್ಲೇ.

ಆದರೆ ಅದೇ ತಿಂಗಳುಗಳಲ್ಲಿ ದೇವರಾಜ ಅರಸರ ಭೂನ್ಯಾಯಮಂಡಳಿಗಳೂ ಕುಳಿತಿದ್ದವು. ಗೇಣಿಯನ್ನು ಕೊನೆಗಾಣಿಸಿದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತ್ತು. ಮಂಡಳಿಯ ಮುಂದೆ ವಕೀಲರಿಗೆ ಪ್ರವೇಶವಿರಲಿಲ್ಲ. ಗೇಣಿದಾರ ತಾನೇ ನಿಂತು ತನ್ನ ಗದ್ದೆಯ ಮಾತನ್ನು ಹೇಳಬೇಕಿತ್ತು. ನಮ್ಮ ಬಳಗದ ದಕ್ಷಿಣ ಕನ್ನಡದ ಸದಸ್ಯೆಯೊಬ್ಬರ ಅಜ್ಜಿ ಚಾಲಗೇಣಿಯ ಒಕ್ಕಲು. ಡಿಕ್ಲರೇಷನ್ ಕೊಟ್ಟು, ಹೆಬ್ಬೆಟ್ಟು ಒತ್ತಿ, ಭೂಮಿಯ ಒಡತಿಯಾದವರು. “ನಮ್ಮ ಮನೆಯಲ್ಲಿ ಆ ವರ್ಷಗಳಿಗೆ ಎಮರ್ಜೆನ್ಸಿ ಎಂದು ಹೆಸರಿಲ್ಲ, ಡಿಕ್ಲರೇಷನ್ನಿನ ವರ್ಷ ಎಂದೇ ಹೆಸರು” ಎಂದರು ಆಕೆ. ಅವರ ಎದುರಿಗೆ ಕುಳಿತಿದ್ದವರು ಹೋಟೆಲಿನಲ್ಲಿ ದುಡಿದವರ ಮಗ. ಅವರ ಅಜ್ಜಿ ವಿಧವೆ, ಐದು ಮುಡಿ ಗದ್ದೆಯ ಗೇಣಿಯಿಂದಲೇ ಮಕ್ಕಳನ್ನು ಸಾಕುತ್ತಿದ್ದವರು. ಗದ್ದೆ ಒಕ್ಕಲಿಗೆ ಹೋಯಿತು, ಹದಿನಾರರ ಮಗ ಮುಂಬಯಿಯ ಬಸ್ಸು ಹತ್ತಿದ. ಇಬ್ಬರೂ ಹದಿನೈದು ವರ್ಷಗಳಿಂದ ನಮ್ಮ ಸಭೆಗಳಲ್ಲಿ ಅಕ್ಕಪಕ್ಕ ಕುಳಿತವರು. ಈ ಮಾತು ಒಮ್ಮೆಯೂ ಬಂದಿರಲಿಲ್ಲ.

ಭೂಸುಧಾರಣೆಯ ಅಂಕ ಯಾರಿಗೆ? ಕಾಯಿದೆ ಘೋಷಣೆಗಿಂತ ಮೊದಲಿನದು, ಆದುದರಿಂದ ದಿಲ್ಲಿಗೆ ಅದರ ಅಂಕ ಸಲ್ಲದು ಎಂದರು ಒಬ್ಬರು. ಬಾಯಿ ಮುಚ್ಚಿಸುವ ಆ ಕಾಲವಿಲ್ಲದಿದ್ದರೆ ಜಮೀನುದಾರರು ಮಂಡಳಿಗಳನ್ನು ಅಷ್ಟು ಸರಾಗವಾಗಿ ನಡೆಯಲು ಬಿಡುತ್ತಿದ್ದರೇ ಎಂದರು ಇನ್ನೊಬ್ಬರು. ಈ ಎರಡನೆಯ ವಾದ ನಮಗೆ ಹಿತವಾಗಲಿಲ್ಲ, ತಳ್ಳಿಹಾಕಲೂ ಆಗಲಿಲ್ಲ. ಸದ್ಯಕ್ಕೆ ಕರ್ನಾಟಕದ ಮುಖ್ಯಮಂತ್ರಿಗೆ ಮಾತ್ರ ಒಂದು ಪ್ರತ್ಯೇಕ ಎಲೆಯನ್ನು ಕೊಟ್ಟಿದ್ದೇವೆ. ಅದನ್ನು ಇಳಿಸಿದರೆ ಜನಾಭಿಪ್ರಾಯದ ಒಂದು ಎಲೆ ಹಸಿರಾಗುತ್ತದೆ, ಒಂದು ಚಿಕ್ಕ ಕಾಯಿ ಮಣೆಯಿಂದ ಕೆಳಗಿಳಿದು ಮುಂಬಯಿಯ ಮನೆಗೆ ಹೋಗುತ್ತದೆ. ಆ ಕಾಯಿಗೆ ಆಟದಲ್ಲಿ ಬೇರೆ ಕೆಲಸವೇನೂ ಇಲ್ಲ.

ಆಟ ಇನ್ನೂ ಮುಗಿದಿಲ್ಲ. ಹೊಸ ನಿಯಮಗಳೊಂದಿಗೆ ಒಂಬತ್ತು ಸಲ ಆಡಿದ್ದೇವೆ. ನಾಲ್ಕು ಸಲ ಚುನಾವಣೆ ನಡೆದಿದೆ, ಮೂರು ಸಲ ದಿಲ್ಲಿ ಸೋತಿದೆ. ಗೆದ್ದ ವಿರೋಧಿಗಳ ಕಾಯಿ ಜೈಲಿನಿಂದ ಹೊರಬಂದು ಎಷ್ಟು ಸರದಿ ಒಂದಾಗಿ ಉಳಿಯಬೇಕೆಂಬುದು ತೀರ್ಮಾನವಾಗಿಲ್ಲ. ಹುಡುಗಿ 1978ರ ನವೆಂಬರಿನ ಚಿಕ್ಕಮಗಳೂರು ಉಪಚುನಾವಣೆಯನ್ನೂ ಸೇರಿಸಬೇಕೆನ್ನುತ್ತಾಳೆ. ಉತ್ತರದಲ್ಲಿ ಸೋತ ಹುಲಿ ದಕ್ಷಿಣದ ಕಾಫಿತೋಟಗಳಿಂದ ಮರಳಿ ಲೋಕಸಭೆಗೆ ನಡೆದು ಬಂದದ್ದು ಇಪ್ಪತ್ತೊಂದು ತಿಂಗಳುಗಳ ಲೆಕ್ಕದ ಹೊರಗೆ ಬೀಳುತ್ತದೆಂದು ಖಜಾಂಚಿಯವರ ತಕರಾರು.

ಮೇಷ್ಟ್ರು ಸೇರಿಸಿದ ನಿಯಮ ಇದು. ಆಟ ಆರಂಭವಾಗುವ ಮೊದಲು, ಮುಖ್ಯಮಂತ್ರಿಗಳ ಪಾತ್ರ ವಹಿಸುವವರು ಹುಣಿಸೆಬೀಜಗಳನ್ನು ಒಂದೊಂದಾಗಿ, ಗಟ್ಟಿಯಾಗಿ ಎಣಿಸುತ್ತ ಚೀಲಕ್ಕೆ ಹಾಕಬೇಕು. ಎಂಬತ್ತೊಂದು ಬೀಜಗಳಿಗೆ ಎರಡು ಮೂರು ನಿಮಿಷ ಹಿಡಿಯುತ್ತದೆ. ಹುಡುಗರಿಗೆ ಅವಸರ. ಎಣಿಕೆ ತಪ್ಪಿದರೆ ಮೇಷ್ಟ್ರು ಚೀಲವನ್ನು ಬರಿದು ಮಾಡಿ, ಮತ್ತೆ ಒಂದರಿಂದ ಎನ್ನುತ್ತಾರೆ.